ಮರುಭೂಮಿಯ ಕಣಿವೆಯಲ್ಲಿ ನಾಲ್ಕೈದು ದಿನ ದೋಣಿ ಪ್ರವಾಸ: ಮೈಸೂರು, ಮಂಡ್ಯದವರಿಗೆ ಒಂದು ಮಾರ್ಗದರ್ಶಿ

ಮಕ್ಕಳು ಅಮೆರಿಕದಲ್ಲಿದ್ದಾರೆ ಅಂತ ಹೋಗಿ ಬರುವವರು ನಮ್ಮ ಮೈಸೂರು, ಮಂಡ್ಯ ಕಡೆ ಬೀದಿಗೆ ಒಬ್ಬರಾದರೂ ಸಿಗುತ್ತಾರೆ. ಹೋದವರೆಲ್ಲ ಗ್ರ್ಯಾಂಡ್ ಕ್ಯಾನ್ಯನ್ ಅಂಚಲ್ಲಿ ಕಂಬಿ ಹಿಡಿದು ನಿಂತು, ಫೋಟೋ ತೆಗೆಸಿಕೊಂಡು, "ಅಬ್ಬಾ, ಎಷ್ಟು ಆಳ" ಅಂದು ವಾಪಸ್ ಬರುತ್ತಾರೆ. ಅಂಥ ಆಳದಲ್ಲಿ ಹರಿಯುವ ನದಿಯಲ್ಲಿ ದೋಣಿ ಬಿಟ್ಟುಕೊಂಡು, ರಾತ್ರಿ ಮರಳಲ್ಲಿ ಮಲಗಿಕೊಂಡು ದಿನಗಟ್ಟಲೆ ಹೋಗಬಹುದು, ಅದಕ್ಕೆ ಪೈಲ್ವಾನರ ಮೈಕಟ್ಟು ಬೇಕಿಲ್ಲ ಅಂದರೆ ನಂಬುವವರು ಕಡಿಮೆ.

ನಿಜ ಹೇಳಬೇಕೆಂದರೆ ಹುಟ್ಟು ಹಾಕುವುದು ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಕಷ್ಟ ಇರುವುದು ಮನೆಯಲ್ಲಿ ಕೂತು ಲೆಕ್ಕ ಹಾಕುವುದರಲ್ಲಿ. ಒಂದು ಸಲ ದೋಣಿ ನೀರಿಗೆ ಇಳಿಸಿದರೆ ಎರಡೂ ಕಡೆ ಗೋಡೆಯಂಥ ಬಂಡೆ. ನಡುವೆ ಅಂಗಡಿ ಇಲ್ಲ, ನೆಟ್‌ವರ್ಕ್ ಇಲ್ಲ, "ಸಾಕಾಯ್ತು, ಇಲ್ಲೇ ಇಳಿದುಬಿಡ್ತೀನಿ" ಅನ್ನಲು ರಸ್ತೆಯೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅದಕ್ಕೇ ಈ ಲೇಖನದಲ್ಲಿ ದೋಣಿಯ ಮಾತು ಕಡಿಮೆ, ಸಾಮಾನು ಸರಂಜಾಮಿನ ಮಾತು ಜಾಸ್ತಿ.

ಮೊದಲು: ಯಾವ ನದಿ

ಗ್ರ್ಯಾಂಡ್ ಕ್ಯಾನ್ಯನ್ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಮೊದಲ ಸಲಕ್ಕೆ ಅದನ್ನು ಬಿಟ್ಟುಬಿಡಿ. ಅಲ್ಲಿ ಹರಿಯುವುದು ಕೊಲರಾಡೊ ನದಿ, ದೋಣಿ ಇಳಿಸುವ ಲೀಸ್ ಫೆರಿಯಿಂದ ಮೇಲೆ ಎಳೆದುಕೊಳ್ಳುವ ಡೈಮಂಡ್ ಕ್ರೀಕ್‌ವರೆಗೆ 226 ಮೈಲಿ ದೂರ, ವಾರಗಟ್ಟಲೆ ಪ್ರಯಾಣ, ದೋಣಿ ಮಗುಚುವಂಥ ರಭಸದ ಜಾಗಗಳು. ಜೊತೆಗೆ ಸ್ವಂತ ಗುಂಪು ಕಟ್ಟಿಕೊಂಡು ಹೋಗುವವರಿಗೆ ಪರವಾನಗಿ ಸಿಗುವುದು ಲಾಟರಿಯಲ್ಲಿ, ಅದೂ ಮುಂದಿನ ವರ್ಷದ ಪ್ರವಾಸಕ್ಕೆ ಈ ವರ್ಷದ ಫೆಬ್ರವರಿಯಲ್ಲೇ ಅರ್ಜಿ ಹಾಕಿರಬೇಕು.

ಯೂಟಾ ರಾಜ್ಯದ ಸ್ಯಾನ್ ವಾನ್ ನದಿ ಇನ್ನೊಂದು. ಬ್ಲಫ್ ಊರಿನ ಹತ್ತಿರದ ಸ್ಯಾಂಡ್ ಐಲ್ಯಾಂಡಿನಿಂದ ಮೆಕ್ಸಿಕನ್ ಹ್ಯಾಟ್‌ಗೆ 27 ಮೈಲಿ, ಅಲ್ಲಿಂದ ಮುಂದೆ ಕ್ಲೇ ಹಿಲ್ಸ್‌ವರೆಗೂ ಹೋದರೆ ಒಟ್ಟು 84. ಬಂಡೆಯ ಮೇಲೆ ಹಳೆಯ ಜನ ಕೆತ್ತಿದ ಚಿತ್ರಗಳು ಬೇಕಾದಷ್ಟು. ಆದರೆ ಇಲ್ಲೂ ಲಾಟರಿ ಇದೆ, ಅಲ್ಲಲ್ಲಿ ನೀರು ರಭಸಕ್ಕೆ ನೊರೆಯೇಳುತ್ತದೆ, ಎಡದಂಡೆ ನವಾಹೋ ಜನರ ನೆಲವಾದ್ದರಿಂದ ಆ ಕಡೆ ತಂಗಬೇಕಾದರೆ ಅವರದೇ ಬೇರೆ ಪರವಾನಗಿ ಬೇಕು. ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಹೊಸಬರಿಗೆ ನಾನು ಹೇಳುವುದು ಗ್ರೀನ್ ನದಿಯ ಲ್ಯಾಬಿರಿಂತ್ ಕ್ಯಾನ್ಯನ್, ಅದೂ ಯೂಟಾದಲ್ಲೇ. ಹೆಸರಿಟ್ಟವರು ಜಾನ್ ವೆಸ್ಲಿ ಪೊವೆಲ್. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಈ ಮನುಷ್ಯ 1869ರಲ್ಲಿ ನಾಲ್ಕು ದೋಣಿ ಕಟ್ಟಿಕೊಂಡು ಇದೇ ನದಿಯಲ್ಲಿ ಇಳಿದು, ಇದು ಮುಂದೆ ಸೇರುವ ಕೊಲರಾಡೊ ನದಿಯಲ್ಲಿ ಸಾಗಿ, ಗ್ರ್ಯಾಂಡ್ ಕ್ಯಾನ್ಯನ್ ಆಚೆ ತುದಿಯಲ್ಲಿ ಎದ್ದವರು. ಹೊರಟಾಗ ಒಟ್ಟು ಹತ್ತು ಜನ, ಕೊನೆಯ ತನಕ ಬಂದವರು ಆರೇ ಜನ. ನೀವು ಹೆದರಬೇಕಿಲ್ಲ, ಲ್ಯಾಬಿರಿಂತ್ ಭಾಗದಲ್ಲಿ ಹೇಳಿಕೊಳ್ಳುವಂಥ ರಭಸ ಇಲ್ಲ. ನೀರು ನಿಧಾನವಾಗಿ ಹಾವಿನಂತೆ ಸುತ್ತಿ ಸುತ್ತಿ ಹೋಗುತ್ತದೆ. ಬಿಎಲ್‌ಎಂ ಅನ್ನುವ ಭೂ ಇಲಾಖೆಯ ಪರವಾನಗಿ ಬೇಕು, ಆದರೆ ಲಾಟರಿಯ ತಲೆನೋವಿಲ್ಲ. ಹೊರಡುವ ಮೊದಲು ಅವರ ವೆಬ್‌ಸೈಟಿನಲ್ಲಿ ಆ ವರ್ಷದ ನಿಯಮ ಓದಿಕೊಳ್ಳಿ.

ದೋಣಿ ಎಳೆದುಕೊಳ್ಳುವ ಜಾಗದಿಂದ ಲೆಕ್ಕ ಶುರು

ಎಲ್ಲರೂ ದೋಣಿ ಎಲ್ಲಿ ಇಳಿಸುವುದು ಅಂತ ಮೊದಲು ಕೇಳುತ್ತಾರೆ. ನೀವು ಎಲ್ಲಿ ಮೇಲೆ ಎಳೆದುಕೊಳ್ಳುವುದು, ಅಲ್ಲಿಂದ ನಿಮ್ಮನ್ನು ಯಾರು, ಎಷ್ಟು ಗಂಟೆಗೆ ಕರೆದುಕೊಂಡು ಬರುತ್ತಾರೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ನದಿ ಒಂದೇ ದಿಕ್ಕಿಗೆ ಹೋಗುತ್ತದೆ. ನಿಮ್ಮ ಕಾರು ಮೇಲಿನ ಊರಲ್ಲೇ ಉಳಿದಿರುತ್ತದೆ.

ಲ್ಯಾಬಿರಿಂತ್‌ನಲ್ಲಿ ಆ ಜಾಗದ ಹೆಸರು ಮಿನರಲ್ ಬಾಟಮ್. ಅಲ್ಲಿಂದ ಮೇಲೆ ಹತ್ತುವ ಮಣ್ಣುರಸ್ತೆ ಬಂಡೆಯ ಮೈಮೇಲೆ ಹೇರ್‌ಪಿನ್ ತಿರುವುಗಳಲ್ಲಿ ಏರುತ್ತದೆ. ಮಳೆ ಬಿದ್ದರೆ ಜಾರುಬಂಡೆ. 2010ರ ಆಗಸ್ಟ್‌ನಲ್ಲಿ ಒಂದೇ ಮಳೆಗೆ ಆ ತಿರುವುಗಳು ಕೊಚ್ಚಿಹೋಗಿ ತಿಂಗಳುಗಟ್ಟಲೆ ದಾರಿ ಬಂದ್ ಆಗಿತ್ತು. ಆದ್ದರಿಂದ ಬಾಡಿಗೆ ಕಾರಲ್ಲಿ ನಾವೇ ಇಳಿದು ಬಿಡ್ತೀವಿ ಅನ್ನುವ ಹುಮ್ಮಸ್ಸು ಬೇಡ. ಮೋಆಬ್ ಮತ್ತು ಗ್ರೀನ್ ರಿವರ್ ಊರುಗಳಲ್ಲಿ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರಿದಾದ ದೋಣಿ, ಬಾಡಿಗೆಗೆ ಕೊಡುವವರು ಇದ್ದಾರೆ, ಅವರೇ ಕರೆದುಕೊಂಡು ಹೋಗಿ ಬಿಟ್ಟು, ಹೇಳಿದ ದಿನ ಬಂದು ಹತ್ತಿಸಿಕೊಳ್ಳುತ್ತಾರೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಇಡೀ ಪ್ರವಾಸದಲ್ಲಿ ಚೌಕಾಸಿ ಮಾಡಬಾರದ ಖರ್ಚು ಇದೊಂದೇ. ಫೋನ್ ಮಾಡಿದಾಗ ಕೇಳಬೇಕಾದ್ದು ಇಷ್ಟು: ಬಾಡಿಗೆಯಲ್ಲಿ ಲೈಫ್ ಜಾಕೆಟ್, ಒಂದು ಹೆಚ್ಚುವರಿ ಹುಟ್ಟು, ಪೋರ್ಟಬಲ್ ಟಾಯ್ಲೆಟ್, ಬೆಂಕಿ ಹಾಕುವ ತಟ್ಟೆ, ನದಿಯ ನಕ್ಷೆ ಸೇರಿದೆಯಾ, ಮತ್ತು ನಾವು ಹೇಳಿದ ಹೊತ್ತಿಗೆ ಬರಲಿಲ್ಲ ಅಂದರೆ ನೀವು ಎಷ್ಟು ಹೊತ್ತು ಕಾಯುತ್ತೀರಿ.

ಇನ್ನು ಇಳಿಸುವ ಜಾಗ. ಗ್ರೀನ್ ರಿವರ್ ಊರಿನ ಸ್ಟೇಟ್ ಪಾರ್ಕಿನಿಂದ ಹೊರಟರೆ ಮಿನರಲ್ ಬಾಟಮ್‌ಗೆ 68 ಮೈಲಿ, ಅಂದರೆ ಸುಮಾರು 109 ಕಿ.ಮೀ. ರೂಬಿ ರಾಂಚ್ ಅನ್ನುವ ಖಾಸಗಿ ಜಾಗದಿಂದ, ಅವರಿಗೆ ಶುಲ್ಕ ಕೊಟ್ಟು ಹೊರಟರೆ 45 ಮೈಲಿ, ಸುಮಾರು 72 ಕಿ.ಮೀ. ಮೊದಲ ಭಾಗದಲ್ಲಿ ಹೊಲಗದ್ದೆಯೇ ಜಾಸ್ತಿ, ಎತ್ತರದ ಬಂಡೆ ಸಿಗುವುದು ರೂಬಿ ರಾಂಚ್ ದಾಟಿದ ಮೇಲೆ. ದಿನಕ್ಕೆ 18ರಿಂದ 20 ಕಿ.ಮೀ. ಆರಾಮ. ಅದರಂತೆ 45 ಮೈಲಿಗೆ ನಾಲ್ಕು ದಿನ, ಅದರ ಮೇಲೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಅಪ್ಪ ಅಮ್ಮನೂ ಬರುತ್ತಿದ್ದರೆ ರೂಬಿ ರಾಂಚೇ ಸರಿ.

ಒಂದು ಎಚ್ಚರಿಕೆ. ಮಿನರಲ್ ಬಾಟಮ್ ದಾಟಿದರೆ ಮುಂದಿನದು ಸ್ಟಿಲ್‌ವಾಟರ್ ಕ್ಯಾನ್ಯನ್. ಕೊಲರಾಡೊ ನದಿಯ ಸಂಗಮದವರೆಗೆ 52 ಮೈಲಿ. ಅದು ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗಿದೆ, ಪರವಾನಗಿ ಬೇರೆ, ಕೊನೆಯಲ್ಲಿ ರಸ್ತೆಯೇ ಇಲ್ಲ. ಮೊದಲೇ ಬುಕ್ ಮಾಡಿದ ಜೆಟ್ ದೋಣಿ ಬಂದು ಕೊಲರಾಡೊ ನದಿಯಲ್ಲಿ ಮೇಲ್ಮುಖವಾಗಿ ಮೋಆಬ್‌ಗೆ ಎಳೆದುಕೊಂಡು ಹೋಗಬೇಕು. ಸಂಗಮದಿಂದ ಕೆಳಗೆ ಸ್ಪ್ಯಾನಿಷ್ ಬಾಟಮ್ ದಾಟಿದರೆ ಕ್ಯಾಟರಾಕ್ಟ್ ಕ್ಯಾನ್ಯನ್, ಅಲ್ಲಿ ಕನೂ ಇಳಿಸುವುದು ಯಮನಿಗೆ ಕಾಗದ ಬರೆದಂತೆ.

ಕ್ಯೂಸೆಕ್ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆ

ಇಲ್ಲಿ ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಜೂನ್ ಬಂತೆಂದರೆ ಬೆಳಿಗ್ಗೆ ಪೇಪರ್ ಬಿಡಿಸಿ ಕೆಆರ್‌ಎಸ್ ಮಟ್ಟ 124.80 ಅಡಿಗೆ ಎಷ್ಟು ಬಾಕಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ನೋಡುವವರು ನಾವು. ಗ್ರೀನ್ ನದಿಗೂ ಅದೇ ಅಳತೆ. ಯುಎಸ್‌ಜಿಎಸ್ ಅನ್ನುವ ಸರ್ಕಾರಿ ಸಂಸ್ಥೆ ಗ್ರೀನ್ ರಿವರ್ ಊರಲ್ಲಿ ಮಾಪಕ ಇಟ್ಟಿದೆ, ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹೋಗುತ್ತಿದೆ ಅಂತ ಇಂಟರ್‌ನೆಟ್‌ನಲ್ಲಿ ದಿನವೂ ಕಾಣುತ್ತದೆ. ಅದೇ ನಮ್ಮ ಕ್ಯೂಸೆಕ್. ಮೇಲ್ಗಡೆ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟು ಇದೆ, ಆದರೆ ಯಾಂಪಾ ಅನ್ನುವ ಉಪನದಿಯ ನೀರು ಅದರ ಕೆಳಗೆ ಬಂದು ಸೇರುವುದರಿಂದ ಹಿಮ ಕರಗುವ ಕಾಲದ ಪ್ರವಾಹ ಪೂರ್ತಿ ತಡೆಯಲು ಆಗುವುದಿಲ್ಲ.

ಮೇ ಕೊನೆ, ಜೂನ್‌ನಲ್ಲಿ ನೀರು 10 ಸಾವಿರ ಕ್ಯೂಸೆಕ್ ದಾಟಿ ಕೆಲವು ವರ್ಷ ಅದರ ಎರಡರಷ್ಟಕ್ಕೂ ಹೋಗುತ್ತದೆ. ದೋಣಿ ಬೇಗ ಓಡುತ್ತದೆ, ಹುಟ್ಟು ಹಾಕುವ ಕೆಲಸ ಕಡಿಮೆ. ಆದರೆ ಮರಳು ದಿಣ್ಣೆಗಳೆಲ್ಲ ಮುಳುಗಿರುತ್ತವೆ, ತಂಗಲು ಜಾಗ ಸಿಗುವುದಿಲ್ಲ, ದಡದ ಉದ್ದಕ್ಕೂ ಟ್ಯಾಮರಿಸ್ಕ್ ಪೊದೆ. ಬಂಡೀಪುರದಲ್ಲಿ ಲಂಟಾನ ಹಬ್ಬಿದೆಯಲ್ಲ, ಹಾಗೆ ಹೊರದೇಶದಿಂದ ಬಂದು ಇಡೀ ದಂಡೆ ನುಂಗಿದ ಗಿಡ ಅದು. ಆ ದಿನಗಳಲ್ಲಿ ಸೊಳ್ಳೆಯೂ ವಿಪರೀತ. ಜುಲೈ, ಆಗಸ್ಟ್‌ನಲ್ಲಿ 38 ಡಿಗ್ರಿ ದಾಟುವ ಬಿಸಿಲು, ಮಧ್ಯಾಹ್ನದ ಮೇಲೆ ದಿಢೀರ್ ಗುಡುಗು ಮಳೆ.

ಒಳ್ಳೆಯ ಕಾಲ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯ. ನೀರು ಸಾಮಾನ್ಯವಾಗಿ ಎರಡು ಮೂರು ಸಾವಿರ ಕ್ಯೂಸೆಕ್‌ಗೆ ಇಳಿದು, ಮನೆಯ ಅಂಗಳದಷ್ಟು ಅಗಲದ ಮರಳು ದಿಣ್ಣೆಗಳು ಎದ್ದಿರುತ್ತವೆ. ಸೊಳ್ಳೆ ಇಲ್ಲ. ಗ್ರೀನ್ ರಿವರ್ ಊರು ಕರ್ಬೂಜ, ಕಲ್ಲಂಗಡಿಗೆ ಹೆಸರುವಾಸಿ, ಆಗ ಅದರ ಸುಗ್ಗಿ, ಹೊರಡುವ ದಿನ ಎರಡು ಹಣ್ಣು ದೋಣಿಗೆ ಹಾಕಿಕೊಳ್ಳಿ. ತೊಂದರೆ ಒಂದೇ: ಅದು ದಸರಾ ಸಮಯ. ಜಂಬೂಸವಾರಿ ಬಿಟ್ಟು ಹೋಗಲು ಮನಸ್ಸು ಒಪ್ಪದವರು ಪಂಚಾಂಗ ನೋಡಿ ದಸರಾದ ಹಿಂದೆ ಮುಂದೆ ದಿನ ಗೊತ್ತು ಮಾಡಬಹುದು. ಪಂಚಾಂಗ ಹೇಗೂ ತೆರೆದಿರುತ್ತೀರಿ, ತಿಥಿಯನ್ನೂ ನೋಡಿ. ಹುಣ್ಣಿಮೆಗೆ ಹೋದರೆ ಟಾರ್ಚ್ ಬೇಡದಷ್ಟು ಬೆಳಕು. ಅಮಾವಾಸ್ಯೆಗೆ ಹೋದರೆ ನಕ್ಷತ್ರ. ನನ್ನ ಓಟು ಅಮಾವಾಸ್ಯೆಗೆ, ಮೈಸೂರಲ್ಲಿ ಅಷ್ಟು ನಕ್ಷತ್ರ ಈಗ ಎಲ್ಲಿ ಕಾಣುತ್ತವೆ? ಅಕ್ಟೋಬರ್ ಮಧ್ಯದ ಹೊತ್ತಿಗೆ ರಾತ್ರಿ 5 ಡಿಗ್ರಿ ಆಸುಪಾಸಿಗೂ ಇಳಿಯಬಹುದು, ಸ್ವೆಟರ್, ಮಂಕಿ ಕ್ಯಾಪ್ ಮರೆಯಬೇಡಿ.

ಕುಡಿಯುವ ನೀರು

ನದಿಯ ಮೇಲೇ ಇದ್ದುಕೊಂಡು ಕುಡಿಯಲು ನೀರು ಹೊತ್ತುಕೊಂಡು ಹೋಗಬೇಕು ಅನ್ನುವುದು ಮೊದಲಿಗೆ ಯಾರಿಗೂ ತಲೆಗೆ ಹೋಗುವುದಿಲ್ಲ. ಗ್ರೀನ್ ನದಿಯ ನೀರು ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಬರೀ ಬಗ್ಗಡ. ಟ್ರೆಕ್ಕಿಂಗ್‌ಗೆ ಒಯ್ಯುವ ಫಿಲ್ಟರ್ ಹಾಕಿದರೆ ಎರಡು ಬಾಟಲಿ ತುಂಬುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ.

ಲೆಕ್ಕ ಹೀಗೆ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ಕುಡಿಯಲು, ಅಡುಗೆಗೆ ಎಲ್ಲ ಸೇರಿ. ನಾಲ್ಕು ಜನ, ಐದು ದಿನ ಅಂದರೆ 76 ಲೀಟರ್, 76 ಕೆಜಿ ತೂಕ. ಎಲ್ಲವನ್ನೂ ಒಂದೇ ಕ್ಯಾನಿಗೆ ತುಂಬಬೇಡಿ, ಒಂದೇ ದೋಣಿಗೂ ಹಾಕಬೇಡಿ. ಒಂದು ಸೋರಿದರೆ ಇನ್ನೊಂದು ಇರಬೇಕು. ದೋಣಿಯ ನಡುಮಧ್ಯೆ, ತಳದಲ್ಲಿ ಇಟ್ಟು ಹಗ್ಗ ಹಾಕಿ ಬಿಗಿಯಿರಿ, ಭಾರ ಕೆಳಗಿದ್ದಷ್ಟೂ ಕನೂ ಓಲಾಡುವುದಿಲ್ಲ.

ಪಾತ್ರೆ ತೊಳೆಯಲು, ಮುಖ ತೊಳೆಯಲು, ನೀರು ಕೈಕೊಟ್ಟಾಗ ಕುಡಿಯಲೂ ನದಿ ನೀರನ್ನೇ ತಿಳಿ ಮಾಡಿಕೊಳ್ಳಬೇಕು. ಇದಕ್ಕೆ ನಮ್ಮ ಅಜ್ಜಿಯರ ಕಾಲದ ಪಟಿಕವೇ ಸಾಕು. ಸಂಜೆ ಬಕೆಟ್ ತುಂಬಿ ನೆರಳಲ್ಲಿಡಿ. 19 ಲೀಟರಿನ ಬಕೆಟಿಗೆ ಕಾಲು ಟೀಚಮಚ ಪಟಿಕದ ಪುಡಿ ಹಾಕಿ, ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸಿ ಬಿಟ್ಟುಬಿಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ನೀರೊಳಗೆ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಚೂರು ಕಾಣಿಸಿಕೊಂಡು, ಒಂದಕ್ಕೊಂದು ಅಂಟಿ, ಮೆಲ್ಲಗೆ ತಳಕ್ಕೆ ಕೂರುತ್ತವೆ. ಅಡುಗೆ ಮುಗಿಯುವ ಹೊತ್ತಿಗೆ ಬಕೆಟಿನ ತಳದಲ್ಲಿ ಎರಡು ಬೆರಳು ದಪ್ಪ ಗಸಿ, ಮೇಲೆ ತಿಳಿನೀರು. ಗಸಿ ಕದಡದಂತೆ ಮಗ್ಗಿನಲ್ಲಿ ತೆಗೆದುಕೊಳ್ಳಿ. ಕುಡಿಯುವುದಾದರೆ ಆ ತಿಳಿಯನ್ನು ಫಿಲ್ಟರ್ ಮಾಡಿ ಕುದಿಸಬೇಕು, ಮೇಲ್ಗಡೆ ಊರೂ ಇದೆ, ದನವೂ ಇದೆ.

ಇನ್ನೊಂದು ಮಾತು. ಅಲ್ಲಿನ ಗಾಳಿ ಎಷ್ಟು ಒಣ ಅಂದರೆ ಬೆವರಿದ್ದೇ ಗೊತ್ತಾಗುವುದಿಲ್ಲ. ಬಾಯಾರಿಕೆ ಆಗಲಿ ಅಂತ ಕಾಯದೆ ಗಂಟೆಗೊಮ್ಮೆ ಕುಡಿಯಿರಿ, ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ಬಿಪಿ ಮಾತ್ರೆ ತಗೊಳ್ಳುವವರು ಹೊರಡುವ ಮೊದಲು ಡಾಕ್ಟರ್ ಹತ್ತಿರ ಬಿಸಿಲಿನ ವಿಚಾರ ಮಾತಾಡಿ ಹೋಗಿ.

ಕಕ್ಕಸಿನ ವಿಚಾರ, ನಾಚಿಕೆ ಬಿಟ್ಟು

ಎಲ್ಲರಿಗೂ ಕೇಳಬೇಕು ಅಂತ ಇರುತ್ತದೆ, ಯಾರೂ ಕೇಳುವುದಿಲ್ಲ. ನಿಯಮ ಸ್ಪಷ್ಟವಾಗಿದೆ. ಮಲವನ್ನು ಅಲ್ಲಿ ಹೂಳುವಂತಿಲ್ಲ, ಬಿಡುವಂತಿಲ್ಲ, ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿ ವಾಪಸ್ ತರಬೇಕು. ಬಿಗಿಯಾಗಿ ಮುಚ್ಚಳ ಹಾಕುವ ಲೋಹದ ಪೆಟ್ಟಿಗೆ, ಅದರ ಮೇಲೆ ಸೀಟು. ನದಿಯವರು ಇದನ್ನು ಗ್ರೂವರ್ ಅನ್ನುತ್ತಾರೆ. ಮೂತ್ರ ಮಾತ್ರ ಆ ಪೆಟ್ಟಿಗೆಗೆ ಅಲ್ಲ, ದಡದ ಮರಳಿಗೂ ಅಲ್ಲ, ನೇರ ನದಿಗೆ.

ಮದ್ದೂರಿನ ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ಅಗಿಯುತ್ತಿದ್ದ ಎಲೆ ಅಡಿಕೆ ಅಲ್ಲಿಗೇ ನಿಂತಿತು.

"ಏನ್ಲಾ ಹೇಳ್ತಿದ್ದೀಯ? ಹೊಳೇಲಿ ಉಚ್ಚೆ ಉಯ್ಯದಾ? ಗಂಗಮ್ಮ ಕಣ್ಲಾ ಅದು!"

"ಅಲ್ಲಿ ರೂಲ್ಸೇ ಹಂಗೈತೆ ಚಿಕ್ಕಪ್ಪ. ದಡದ ಮ್ಯಾಲೆ ಮಾಡಂಗಿಲ್ಲ."

"ಹಂಗಾರೆ ನಾ ಬರಾಕಿಲ್ಲ ಬುಡು."

ಅವರ ಮಾತಲ್ಲೂ ತಪ್ಪಿಲ್ಲ, ಕಾವೇರಿ ದಂಡೆಯಲ್ಲಿ ಬೆಳೆದವರಿಗೆ ಕೈ ಕಾಲು ಬರುವುದಿಲ್ಲ. ಆದರೆ ಕಾರಣ ಕೇಳಿ. ಅಲ್ಲಿ ವರ್ಷಕ್ಕೆ 250 ಮಿ.ಮೀ. ಮಳೆಯೂ ಬೀಳುವುದಿಲ್ಲ. ತಂಗಲು ಇರುವುದು ಅವೇ ನಾಲ್ಕು ಮರಳು ದಿಣ್ಣೆ, ಇವತ್ತು ನೀವು, ನಾಳೆ ಇನ್ನೊಂದು ಗುಂಪು. ತೊಳೆಯಲು ಮಳೆ ಇಲ್ಲದ ಮರಳಲ್ಲಿ ಮಾಡಿದರೆ ನಾತ ಅಲ್ಲೇ ನಿಲ್ಲುತ್ತದೆ. ಸಾವಿರಾರು ಕ್ಯೂಸೆಕ್ ಹರಿಯುವ ನೀರಿಗೆ ಅದು ಲೆಕ್ಕಕ್ಕೇ ಇಲ್ಲ. ಹೆಂಗಸರಿಗೆ ರಾತ್ರಿ ಹೊತ್ತು ನೀರಿನ ತನಕ ಹೋಗುವುದು ಬೇಡ ಅನ್ನಿಸಿದರೆ ಮುಚ್ಚಳದ ಒಂದು ಬಕೆಟ್ ಟೆಂಟ್ ಪಕ್ಕ ಇಟ್ಟುಕೊಂಡು ಬೆಳಿಗ್ಗೆ ನದಿಗೆ ಸುರಿಯಬಹುದು.

ನಮ್ಮವರಿಗೆ ಇರುವ ನಿಜವಾದ ಸಮಸ್ಯೆ ತೊಳೆದುಕೊಳ್ಳುವುದು. ಚೊಂಬುಗಟ್ಟಲೆ ನೀರು ಸುರಿದರೆ ಪೆಟ್ಟಿಗೆ ಎರಡೇ ದಿನಕ್ಕೆ ತುಂಬುತ್ತದೆ. ಒತ್ತಿದರೆ ಸಣ್ಣ ಧಾರೆ ಬರುವ ಬಾಟಲಿ ಒಬ್ಬೊಬ್ಬರಿಗೆ ಒಂದೊಂದು, ಜೊತೆಗೆ ವೆಟ್ ವೈಪ್ಸ್. ಬಳಸಿದ ವೈಪ್ಸ್ ಕಸದ ಚೀಲಕ್ಕೆ, ಪೆಟ್ಟಿಗೆಗಲ್ಲ. ಪೆಟ್ಟಿಗೆಯನ್ನು ಕ್ಯಾಂಪಿನಿಂದ ಸ್ವಲ್ಪ ದೂರ, ಪೊದೆಯ ಮರೆಯಲ್ಲಿ, ಒಳ್ಳೆ ನೋಟ ಕಾಣುವ ಕಡೆ ಇಡಿ. ಹೋಗುವ ದಾರಿಯಲ್ಲಿ ಒಂದು ಹುಟ್ಟು ನೆಟ್ಟಿರಿ, ಹೋಗುವವರು ಅದನ್ನು ತೆಗೆದುಕೊಂಡು ಹೋಗಬೇಕು. ಹುಟ್ಟು ಇಲ್ಲ ಅಂದರೆ ಒಳಗೆ ಯಾರೋ ಇದ್ದಾರೆ. ಸಂಜೆ ಕ್ಯಾಂಪ್ ಹಾಕಿದಾಗ ಮೊದಲು ಇಳಿಯುವುದೂ ಬೆಳಿಗ್ಗೆ ಕೊನೆಗೆ ಕಟ್ಟುವುದೂ ಇದೇ ಪೆಟ್ಟಿಗೆ.

ಅಡುಗೆ ಸಾಮಾನು

ಅಕ್ಕಿ ಇಲ್ಲಿಂದ ಒಯ್ಯಬೇಡಿ. ಖಪ್ರಾ ಜೀರುಂಡೆ ಬರುತ್ತದೆ ಅನ್ನುವ ಕಾರಣಕ್ಕೆ ಭಾರತದಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕದ ಕಸ್ಟಮ್ಸ್‌ನವರು ಬಿಡುವುದಿಲ್ಲ. ಸೋನಾ ಮಸೂರಿ, ಬೇಳೆ ಎಲ್ಲ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿದರೆ ಅಲ್ಲೇ ಕೊಂಡುಕೊಳ್ಳಿ, ಅಲ್ಲಿಂದ ಗ್ರೀನ್ ರಿವರ್‌ಗೆ ಸುಮಾರು ಮೂರು ಗಂಟೆ ದಾರಿ, ಆ ಸಣ್ಣ ಊರಲ್ಲಿ ಕರಿಬೇವು ಕೇಳಿದರೆ ಮುಖ ನೋಡುತ್ತಾರೆ. ಇಲ್ಲಿಂದ ಒಯ್ಯಲು ಯೋಗ್ಯವಾದದ್ದು ಚಟ್ನಿಪುಡಿ, ಪುಳಿಯೋಗರೆ ಪುಡಿ, ನಿಪ್ಪಟ್ಟು, ಕೋಡುಬಳೆ. ಕಸ್ಟಮ್ಸ್ ಫಾರ್ಮಿನಲ್ಲಿ ತಿಂಡಿ ಇದೆ ಅಂತ ಬರೆದುಬಿಡಿ, ಮುಚ್ಚಿಟ್ಟರೇ ತೊಂದರೆ.

ಮೊದಲೆರಡು ದಿನ ಐಸ್ ಪೆಟ್ಟಿಗೆಯಲ್ಲಿಟ್ಟ ತರಕಾರಿ, ಮೊಸರು. ಆಮೇಲೆ ಉಪ್ಪಿಟ್ಟು, ಗೊಜ್ಜವಲಕ್ಕಿ, ಬೇಳೆ ಅನ್ನ. ಬೆಳಗಿನ ತಿಂಡಿಗೆ ರವೆ ಹುರಿದು ಒಗ್ಗರಣೆ ಸಮೇತ ಪೊಟ್ಟಣ ಕಟ್ಟಿಟ್ಟರೆ ಬರೀ ಬಿಸಿನೀರಿನ ಕೆಲಸ. ಸಣ್ಣ ಕುಕ್ಕರ್ ಒಯ್ಯಿರಿ, ನೀರೂ ಗ್ಯಾಸೂ ಉಳಿಯುತ್ತದೆ, ಕಣಿವೆಯಲ್ಲಿ ಅದು ಕೂಗಿದರೆ ಎದುರು ಬಂಡೆಯೂ ಕೂಗುತ್ತದೆ. ಮುದ್ದೆ ಮಾಡಬಹುದಾ ಅಂತ ಮಂಡ್ಯದ ಗೆಳೆಯರು ಕೇಳೇ ಕೇಳುತ್ತಾರೆ. ಮಾಡಬಹುದು, ಆದರೆ ಸ್ಟವ್ ಮರಳಲ್ಲಿ ಅಲ್ಲಾಡದಂತೆ ಹಲಗೆ ಕೊಟ್ಟಿರಬೇಕು, ಮತ್ತು ತಳ ಹಿಡಿದ ಪಾತ್ರೆ ಉಜ್ಜುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರಬೇಕು.

ಪಾತ್ರೆ ತೊಳೆದ ನೀರನ್ನು ಜಾಲರಿಯಲ್ಲಿ ಸೋಸಿ ನದಿಯ ಸೆಳವಿಗೆ ಸುರಿಯಬೇಕು, ಜಾಲರಿಯಲ್ಲಿ ಉಳಿದದ್ದು ಕಸದ ಚೀಲಕ್ಕೆ. ಈರುಳ್ಳಿ ಸಿಪ್ಪೆ, ನಿಂಬೆ ಹೋಳು, ಕರಿಬೇವು, "ಮಣ್ಣಲ್ಲಿ ಕರಗುತ್ತೆ ಬಿಡಿ" ಅನ್ನುವಂತಿಲ್ಲ, ಅಲ್ಲಿ ವರ್ಷಗಟ್ಟಲೆ ಕರಗುವುದಿಲ್ಲ. ಹೊರಡುವ ಮುಂಚೆ ಗಂಗೆ ಪೂಜೆ ಮಾಡಿ ಕಾಯಿ ಒಡೆಯಬೇಕು ಅನ್ನುವವರು ಮಾಡಿ, ಬೇಡ ಅನ್ನುವುದಿಲ್ಲ. ಚಿಪ್ಪು, ಹೂವು, ಕರ್ಪೂರದ ತಟ್ಟೆ ಎಲ್ಲ ವಾಪಸ್ ಚೀಲಕ್ಕೆ. ಬೆಂಕಿ ಬೇಕಾದರೆ ಲೋಹದ ತಟ್ಟೆಯ ಮೇಲೆಯೇ ಹಾಕಬೇಕು, ಬೂದಿಯೂ ಹೊತ್ತು ತರಬೇಕು.

ಊರಲ್ಲೇ ಮಾಡಬೇಕಾದ ಅಭ್ಯಾಸ

ಈಜು ಬರದಿದ್ದರೂ ಹೋಗಬಹುದು, ಲೈಫ್ ಜಾಕೆಟ್ ಮೈಮೇಲಿದ್ದರೆ. 12 ವರ್ಷದವರೆಗಿನ ಮಕ್ಕಳು ದೋಣಿಯಲ್ಲಿ ಅದನ್ನು ಹಾಕಿಕೊಂಡೇ ಇರಬೇಕು ಅಂತ ಯೂಟಾದಲ್ಲಿ ಕಾನೂನಿದೆ. ದೊಡ್ಡವರಿಗೂ ನೀವೇ ಕಾನೂನು ಮಾಡಿ. ಆದರೂ ನೀರಿನ ಭಯ ಬಿಡಲು ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಂಥ ಕಡೆ ಸ್ವಲ್ಪ ದಿನ ಇಳಿದರೆ ಒಳ್ಳೆಯದು. ಬಲಮುರಿ, ಎಡಮುರಿಯಲ್ಲಿ ಅಭ್ಯಾಸ ಬೇಡವೇ ಬೇಡ, ಅಲ್ಲಿ ಮುಳುಗಿದವರ ಸುದ್ದಿ ನಾವೆಲ್ಲ ಓದುತ್ತಲೇ ಇರುತ್ತೇವೆ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಹರಿಗೋಲಿನ ಜೊತೆ ಕಯಾಕ್ ಕೂಡ ಇದೆ, ಹೇಳಿಕೊಡುವವರು ಇರುತ್ತಾರೆ. ಹರಿಗೋಲು ಗಿರಗಿರ ತಿರುಗುವ ದೋಣಿ, ಕನೂಗೆ ಆ ಅನುಭವ ನೇರವಾಗಿ ಆಗಿಬರುವುದಿಲ್ಲ, ಆದರೆ ಸೆಳವು ಎಲ್ಲಿದೆ, ನೀರು ಎಲ್ಲಿ ನಿಂತಿದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಕನೂದಲ್ಲಿ ಹಿಂದೆ ಕೂತವರು ದಿಕ್ಕು ಹಿಡಿಯುತ್ತಾರೆ, ಮುಂದೆ ಕೂತವರು ಬಲ ಕೊಡುತ್ತಾರೆ. ಗಂಡ ಹೆಂಡತಿ ಮೊದಲ ದಿನ ಬೇರೆ ಬೇರೆ ದೋಣಿಯಲ್ಲಿ ಕೂತರೆ ಕ್ಷೇಮ.

ವಯಸ್ಸಾದವರು ಬರಬಹುದಾ? ನೆಲದ ಮೇಲೆ ಕೂತು ಯಾರ ಕೈಯೂ ಹಿಡಿಯದೆ ಏಳಲು ಆಗುತ್ತದಾ ನೋಡಿ. ಆಗುತ್ತದೆ ಅಂದರೆ ಬರಲಿ. ಮಂಡಿ ನೋವಿನವರಿಗೆ ಮಾತ್ರ ದಿನಕ್ಕೆ ಹತ್ತು ಸಲ ದೋಣಿ ಹತ್ತಿ ಇಳಿಯುವುದು ಹಿಂಸೆ.

ನದಿಯ ಮೇಲೆ

ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಆ ದಿನದ ದೂರ ಮುಗಿಸಿ. ಮಧ್ಯಾಹ್ನದ ಮೇಲೆ ಎದುರುಗಾಳಿ ಏಳುತ್ತದೆ, ಕಣಿವೆಯ ಕೆಳಗಿನಿಂದ ಮೇಲಕ್ಕೆ. ನೀರು ಮುಂದಕ್ಕೆ, ಗಾಳಿ ಹಿಂದಕ್ಕೆ, ಗಾಳಿ ಗೆಲ್ಲುತ್ತದೆ. ಹುಟ್ಟು ಹಾಕುವುದು ನಿಲ್ಲಿಸಿದರೆ ದೋಣಿ ಬಂದ ದಾರಿಗೇ ತಿರುಗುವ ದಿನಗಳೂ ಇವೆ. ಅಂಥ ಹೊತ್ತಲ್ಲಿ ಹಟ ಮಾಡದೆ ದಡಕ್ಕೆ ಬಂದು ಟೀ ಮಾಡಿಕೊಳ್ಳಿ.

ದಡ ಹತ್ತುವಾಗ ಜೋಪಾನ. ಒಣಗಿದಂತೆ ಕಾಣುವ ಮಣ್ಣು ಕಾಲಿಟ್ಟರೆ ಮಂಡಿತನಕ ಎಳೆದುಕೊಳ್ಳುತ್ತದೆ, ಕಾಲು ಬಂದರೂ ಚಪ್ಪಲಿ ಬರುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಮೊದಲು ಹುಟ್ಟಿನಿಂದ ಚುಚ್ಚಿ ನೋಡಿ ಆಮೇಲೆ ಇಳಿಯಿರಿ. ದೋಣಿಯನ್ನು ಪೂರ್ತಿ ಮೇಲೆಳೆದು ಗಟ್ಟಿ ಪೊದೆಗೋ ಮರಳಲ್ಲಿ ಹೂತ ಗೂಟಕ್ಕೋ ಕಟ್ಟಿ, ಹತ್ತು ನಿಮಿಷಕ್ಕೆ ನಿಂತರೂ ಕಟ್ಟಿ. ಕೆಆರ್‌ಎಸ್‌ನಿಂದ ನೀರು ಬಿಡುವಾಗ ಸೈರನ್ ಆಗುತ್ತದೆ, ಇಲ್ಲಿ ರಾತ್ರಿ ನೀರು ಏರಿದರೆ ಹೇಳುವವರಿಲ್ಲ.

ಪಕ್ಕದ ಸಣ್ಣ ಕಮರಿಗಳ ಬಾಯಲ್ಲಿ, ಒಣಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬೇಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಎಲ್ಲೋ ಮೇಲೆ ಸುರಿದ ಮಳೆಗೆ ಹಳ್ಳ ಬರುತ್ತದೆ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಕೆಳಗೆ ಓಡುತ್ತದೆ. ಬೆಳಿಗ್ಗೆ ಶೂ ಹಾಕುವ ಮೊದಲು ಕೊಡವಿ, ಚೇಳು ಇರುತ್ತವೆ.

ತಪ್ಪದೆ ನಿಲ್ಲಬೇಕಾದ ಜಾಗ ಬೋನಾಟ್ ಬೆಂಡ್. ನದಿ ಇಲ್ಲಿ ಸುಮಾರು ಏಳು ಮೈಲಿ ಸುತ್ತು ಹಾಕಿ, ಮತ್ತೆ ಹೊರಟ ಜಾಗದಿಂದ ಅರ್ಧ ಕಿ.ಮೀ. ಒಳಗೇ ಬರುತ್ತದೆ. ನಡುವಿನ ಕಿರಿದಾದ ಬಂಡೆಯ ದಿಬ್ಬದ ಮೇಲೆ ಹತ್ತಿ ನಿಂತರೆ ಎಡಗಡೆಯೂ ಅದೇ ನದಿ, ಬಲಗಡೆಯೂ ಅದೇ ನದಿ. ಹತ್ತುವ ದಾರಿ ಕಡಿದು, ಕಲ್ಲು ಜಾರುತ್ತದೆ, ಬೆಳಗಿನ ತಂಪಲ್ಲೇ ಹತ್ತಿ. ಇನ್ನೂ ಕೆಳಗೆ ಹೆಲ್ ರೋರಿಂಗ್ ಕ್ಯಾನ್ಯನ್ ಬಾಯಲ್ಲಿ ಡೆನಿಸ್ ಜೂಲಿಯನ್ ಅನ್ನುವ ತುಪ್ಪಳದ ಬೇಟೆಗಾರ 1836ರಲ್ಲಿ ಕೆತ್ತಿದ ಹೆಸರು ಇದೆ. ಅವನು ಕೆತ್ತಿದ ಅಂತ ನೀವು ಕೆತ್ತಬೇಡಿ. ಹಳೆಯ ಮಡಕೆ ಚೂರು, ಬಾಣದ ಮೊನೆ ಕಂಡರೆ ನೋಡಿ ಅಲ್ಲೇ ಬಿಡಿ, ಜೇಬಿಗೆ ಹಾಕಿದರೆ ಅಪರಾಧ. ಕಪ್ಪಗೆ ಉಬ್ಬುಬ್ಬಾಗಿರುವ ಮಣ್ಣನ್ನು ತುಳಿಯಬೇಡಿ, ಅದು ಜೀವ ಇರುವ ಪದರ, ಒಂದು ಹೆಜ್ಜೆಗೆ ಹಾಳಾದದ್ದು ಕೂಡಿಕೊಳ್ಳಲು ಎಷ್ಟೋ ವರ್ಷ ಬೇಕು.

ತೊಂದರೆ ಆದರೆ

ಅಮೆರಿಕದ ತುರ್ತು ನಂಬರ್ 911 ಒತ್ತಿದರೆ ಕಾಲ್ ಹೋಗುವುದಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಅಥವಾ ಸ್ಯಾಟಲೈಟ್ ಫೋನ್ ಗುಂಪಿಗೆ ಒಂದಾದರೂ ಇರಲಿ. ಅಲ್ಲೇ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಿ. ಇಷ್ಟವಾಯ್ತು ಅಂತ ಕೊಂಡು ಊರಿಗೆ ತರಬೇಡಿ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಇಲ್ಲಿಂದ ಹೋಗುವವರು ಪ್ರವಾಸದ ವಿಮೆಯಲ್ಲಿ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗುವ ಖರ್ಚು ಸೇರಿದೆಯಾ ಅಂತ ಸಣ್ಣ ಅಕ್ಷರಗಳನ್ನೂ ಓದಿ.

ಮನೆಯಲ್ಲಿ ಉಳಿಯುವ ಒಬ್ಬರಿಗೆ ಒಂದು ಹಾಳೆ ಬರೆದುಕೊಡಿ: ಎಲ್ಲಿ ಇಳಿಯುತ್ತೀರಿ, ಯಾವ ದಿನ ಎಲ್ಲಿ ಹತ್ತುತ್ತೀರಿ, ದೋಣಿಯವರ ನಂಬರ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ಆ ಗಂಟೆಯನ್ನು ತೀರಾ ಹತ್ತಿರಕ್ಕೆ ಇಡಬೇಡಿ, ಅಮ್ಮಂದಿರು ಅದಕ್ಕೂ ಎರಡು ಗಂಟೆ ಮುಂಚೆಯೇ ಗಾಬರಿಯಾಗಿರುತ್ತಾರೆ.

ಕೊನೆಯ ದಿನ

ಕೊನೆಯ ರಾತ್ರಿ ಮಿನರಲ್ ಬಾಟಮ್‌ಗೆ ಎಂಟು ಹತ್ತು ಕಿ.ಮೀ. ಮೇಲೆ ತಂಗಿ. ಗಾಳಿ ಏಳುವ ಮೊದಲೇ ಮುಟ್ಟಬಹುದು. ದೋಣಿಯ ಕೆಸರು ನದಿಯಲ್ಲೇ ತೊಳೆದು, ಸಾಮಾನು ಒಂದು ಕಡೆ ಒಟ್ಟಿ, ಬೇರೆಯವರ ದೋಣಿಗೆ ಜಾಗ ಬಿಟ್ಟು ನೆರಳಲ್ಲಿ ಕಾಯಿರಿ, ಕುಡಿಯುವ ನೀರು ಮಾತ್ರ ಕೈಗೆ ಸಿಗುವ ಹಾಗಿರಲಿ. ಗ್ರೂವರ್ ಖಾಲಿ ಮಾಡುವುದು ನಿಮ್ಮ ಕೆಲಸವೋ ಬಾಡಿಗೆ ಕೊಟ್ಟವರದೋ ಅಂತ ಹೊರಡುವ ಮೊದಲೇ ಕೇಳಿರಬೇಕು, ಅಲ್ಲಿ ನಿಂತು ಚರ್ಚೆ ಮಾಡುವ ವಿಷಯ ಅಲ್ಲ ಅದು. ವಾಪಸ್ ವಿಮಾನದ ಟಿಕೆಟ್ ಅದೇ ರಾತ್ರಿಗೆ ಮಾಡಿಸಬೇಡಿ. ಹಿಂದಿನ ದಿನ ಮಳೆ ಬಿದ್ದಿದ್ದರೆ ಆ ಮಣ್ಣುರಸ್ತೆಯಲ್ಲಿ ಗಾಡಿ ಇಳಿಯುವುದಿಲ್ಲ. ಎರಡು ದಿನ ಬಿಟ್ಟು ಮಾಡಿಸಿ, ಮೋಆಬ್‌ನಲ್ಲಿ ಒಂದು ರೂಮ್, ಬಿಸಿನೀರಿನ ಸ್ನಾನ, ಸೋಪು ಎರಡು ಸಲ ಹಚ್ಚಿದರೂ ಕಿವಿಯ ಹಿಂದಿನ ಮರಳು ಮಾತ್ರ ಬೆಂಗಳೂರು ತನಕ ಬರುತ್ತದೆ.